ಮೂರನೇ ಹಾಡಿನ ಸೈರನ್

ಆಗ ನಾನು ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ಸಾಂಸ್ಕೃತಿಕ ಪುಟ ನೋಡಿಕೊಳ್ಳುತ್ತಿದ್ದೆ. ಭದ್ರಾವತಿಯ ಮೂವರು ಹುಡುಗರು ಮೊದಲ ರಾಕ್ ಕ್ಯಾಸೆಟ್ ಮಾಡಿದ್ದಾರೆ, ನಾಳೆಯೇ ಪ್ರತಿ ತೆಗೆಸಲು ಕಳಿಸುತ್ತಾರೆ, ಹೋಗಿ ಕೇಳಿ ಬಾ ಎಂದು ಸಂಪಾದಕರು ಅಟ್ಟಿದರು.

ನ್ಯೂ ಟೌನಿನಲ್ಲಿ, ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಮನೆಯೊಂದರಲ್ಲಿ ಮೂವರೂ ಕಪ್ಪು ಅಂಗಿ ತೊಟ್ಟು, ಬೆವರುತ್ತಾ ಕೂತಿದ್ದರು. ಮಾತಾಡುವ ಹೊಣೆ ಉದ್ದಕೂದಲಿನ ಗಾಯಕನದು.

"ರಾಕಿಗೆ ಡೊಳ್ಳು, ಭಜನೆ, ತಮಿಳು ಡಪ್ಪಾಂಕುತ್ತು ಎಲ್ಲಾ ಬೆರೆಸಿದೀವಿ ಮೇಡಂ. ಇಂಡಿಯಾದಲ್ಲೇ ಯಾರೂ ಮಾಡಿಲ್ಲ."

ಕ್ಯಾಸೆಟ್ ಹಾಕಿಸಿ ಕೇಳಿದೆ. ಯಾಕೆ ಯಾರೂ ಮಾಡಿಲ್ಲ ಎಂದು ಎರಡೇ ಹಾಡಿಗೆ ಅರ್ಥವಾಯಿತು.

ಮೂರನೇ ಹಾಡಿನ ನಡುವೆ ಮಾತ್ರ ದೂರದಿಂದ ಒಂದು ದನಿ ಎದ್ದು, ಉದ್ದಕ್ಕೆ ಕೂಗಿ, ಇಳಿಯಿತು. ನನ್ನ ಮೈ ಜುಮ್ಮೆಂದಿತು.

"ಇದು ಯಾವ ವಾದ್ಯ?"

"ಯಾವುದು ಮೇಡಂ?"

ಟೇಪನ್ನು ಹಿಂದೆ ತಿರುಗಿಸಿ ಮತ್ತೆ ಕೇಳಿಸಿದೆ. ಮೂವರೂ ಸ್ಪೀಕರಿಗೆ ಕಿವಿ ಹಚ್ಚಿದರು. ಅಷ್ಟರಲ್ಲಿ ಹೊರಗೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಅದೇ ದನಿ ಎದ್ದಿತು.

"ಇದೇ!" ಎಂದು ಕಿಟಕಿಯತ್ತ ಬೆರಳು ಮಾಡಿದೆ.

ಡ್ರಮ್ಸಿನವನು ತಲೆ ಮೇಲೆ ಕೈ ಹೊತ್ತ. "ಅಯ್ಯೋ ಮಾರಾಯ, ಫ್ಯಾಕ್ಟರಿ ಸೈರನ್ನು! ಇಲ್ಲೇ ರೆಕಾರ್ಡ್ ಮಾಡುವಾಗ ಸೇರ್ಕೊಂಡಿದೆ. ಹುಟ್ಟಿದಾಗಿಂದ ಕೇಳಿ ಕೇಳಿ ನಮ್ಮ ಕಿವಿಗೇ ಬೀಳಲ್ಲ ಮೇಡಂ."

ಗಾಯಕನ ದನಿ ಇಳಿಯಿತು. "ಹಾಗಾದ್ರೆ ಈ ಹಾಡು ತೆಗೀಬೇಕಾ?"

"ಇದನ್ನ ಇಟ್ಕೊಳ್ಳಪ್ಪ," ಅಂದೆ. "ಉಳಿದದ್ದನ್ನ ತೆಗೀರಿ."

ಅವರು ಒಂದನ್ನೂ ತೆಗೆಯಲಿಲ್ಲ. ಕ್ಯಾಸೆಟ್ ಬಂದಾಗ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ 'ಸೈರನ್ ಪ್ರಯೋಗ' ಎಂದು ಬರೆದು, ಅದರ ಮುಂದೆ ಗಾಯಕನ ಹೆಸರು ಹಾಕಿತ್ತು. ಇಡೀ ಕ್ಯಾಸೆಟ್ಟಿನಲ್ಲಿ ಅವನು ಬಾಯಿ ಮುಚ್ಚಿಕೊಂಡಿದ್ದ ಜಾಗಕ್ಕೇ ಅವನಿಗೆ ಹೊಗಳಿಕೆ ಸಿಕ್ಕಿತು.