ಹಿಂದೆ ಕೂರುವವರ ಸೀಟಕ್ಕ

ಬೆಳಗಿನ ಐದೂವರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಸೀಟಕ್ಕ, ಬ್ರೆಡ್ ಕೊಯ್ಯುವ ಚಾಕುವಿನಿಂದ ಫೋಮ್ ಹೆರೆಯುತ್ತಿದ್ದಾರೆ. ಒಂದಿಷ್ಟು ಹೆರೆಯುವುದು, ಕಣ್ಣು ಮುಚ್ಚಿ ಅಂಗೈಯಲ್ಲಿ ಸವರುವುದು, ಮತ್ತೆ ಹೆರೆಯುವುದು. ಹೊರಗೆ ಸಾವಿರ ಸಿಸಿಯ ಬೈಕೊಂದು ಸೀಟಿಲ್ಲದೆ ನಿಂತಿದೆ. ಏಳಕ್ಕೆ ಅದು ಹೊರಡಲೇಬೇಕು.

ಬೈಕು ಗಣಿತದ ಮೇಷ್ಟ್ರೊಬ್ಬರದು. ಅವರ ಹೆಂಡತಿಗೆ ಕ್ಯಾನ್ಸರ್ ಗಡ್ಡೆ ತೆಗೆದಿದ್ದಾರೆ. ಇನ್ನು ಐದು ವಾರ ರೇಡಿಯೇಷನ್. ಆಸ್ಪತ್ರೆ ತೊಂಬತ್ತು ಕಿಲೋಮೀಟರ್ ದೂರ, ಬಸ್ಸಾದರೆ ಎರಡು ಕಡೆ ಇಳಿದು ಹತ್ತಬೇಕು. ಬೈಕಿನಲ್ಲಿ ಹೋದ ಮೊದಲ ದಿನ ಆಕೆ ಕೂರಲಾರದೆ ಆರು ಸಲ ಇಳಿದರಂತೆ. “ಆಸ್ಪತ್ರೆ ಹತ್ರಾನೇ ರೂಮು ಮಾಡಿ ಅಂತಾರೆ. ರಾತ್ರಿ ನನ್ನ ಮನೇಲಿ, ನನ್ನ ಹಾಸಿಗೇಲಿ ಮಲಗಿದ್ರೇನೇ ನನಗೆ ಧೈರ್ಯ,” ಎನ್ನುತ್ತಾರೆ ಆಕೆ. ಇವತ್ತೂ ಆಗದಿದ್ದರೆ ರೂಮೇ ಗತಿ.

ನಿನ್ನೆ ಮೇಷ್ಟ್ರು ಬಂದವರೇ ಬೈಕಿನ ಗುಣಗಾನ ಶುರುಮಾಡಿದ್ದರು. “ಲಕ್ಷ ಕಿಲೋಮೀಟರ್ ಓಡಿದೆ, ಒಂದು ದಿನ ನಡುದಾರೀಲಿ ಕೈಕೊಟ್ಟಿಲ್ಲ. ಎಂಥಾ ಏರಿದ್ರೂ ಇಬ್ಬರನ್ನ ಆರಾಮಾಗಿ ಎಳೆಯುತ್ತೆ.”

“ಗಾಡಿ ಕೈಕೊಡಲ್ಲ, ಒಪ್ಪಿದೆ,” ಸೀಟಕ್ಕ ತಡೆದರು. “ ಹಿಂದೆ ಕೂತವರ ಸೊಂಟ? ನೀವು ಸ್ವಲ್ಪ ಸುಮ್ನಿರಿ ಮೇಷ್ಟ್ರೇ, ನಿಮ್ಮ ಮನೆಯೋರು ಮಾತಾಡ್ಲಿ.”

ಇದು ಸೀಟಕ್ಕನ ಕಾನೂನು: ಹಿಂದೆ ಕೂರುವವರು ಬರದೆ ಕೆಲಸ ಮುಟ್ಟುವುದಿಲ್ಲ. ನನ್ನನ್ನೂ ಒಮ್ಮೆ ಬಾಗಿಲಿಂದಲೇ ಓಡಿಸಿದ್ದರು. “ಹೆಂಡ್ತೀನ ಕರ್ಕೊಂಡು ಬಾ, ಆಮೇಲೆ ನಿನ್ನ ಪುರಾಣ!” ಎರಡು ವರ್ಷ ಬೈಕ್ ಹತ್ತದೆ ಮುಷ್ಕರ ಹೂಡಿದ್ದ ನನ್ನಾಕೆ ಈಗ ನನಗಿಂತ ಮೊದಲೇ ಹೆಲ್ಮೆಟ್ ಹಾಕಿಕೊಂಡು ಗೇಟಿನಲ್ಲಿ ನಿಂತಿರುತ್ತಾಳೆ. ಈ ಲೇಖನ ಆ ಉಪಕಾರಕ್ಕೆ ಸಣ್ಣ ನಮಸ್ಕಾರ.

ಸೀಟಕ್ಕ ಮೊದಲು ಆಸ್ಪತ್ರೆ ಹಾಸಿಗೆಗಳನ್ನು ಹೊಲಿಯುತ್ತಿದ್ದವರು. ಆ ಕಾರ್ಖಾನೆ ಮುಚ್ಚಿದ ಮೇಲೆ, ಹದಿನಾಲ್ಕು ವರ್ಷದಿಂದ ಈ ಕೆಲಸ. “ಮೆತ್ತಗಿದ್ರೆ ಸುಖ ಅಂದ್ಕೊಂಡು ಮೊದಲನೇ ಸೀಟನ್ನ ಹತ್ತಿ ಥರ ಮಾಡ್ಬಿಟ್ಟೆ. ಆ ಪುಣ್ಯಾತ್ಮ ಒಂದೇ ಗಂಟೇಲಿ ಗಾಡಿ ತಳ್ಕೊಂಡು ವಾಪಸ್ ಬಂದ. ಪೆಟ್ರೋಲ್ ಮುಗೀತಾ ಅಂದೆ. ಇಲ್ಲ ತಾಯೀ, ಕೂರೋಕಾಗ್ತಿಲ್ಲ ಅಂದ!” ಹೇಳಿ ತಾವೇ ಬಿದ್ದುಬಿದ್ದು ನಗುತ್ತಾರೆ.

ಅಂದಿನಿಂದ ಬಂತು ಮರಳಿನ ತಟ್ಟೆ, ಯಾರ ಭಾರ ಎಲ್ಲಿ ಬೀಳುತ್ತದೆ ಎಂದು ನೋಡಲು. ಸೀಟಿನ ಜಾಗದಲ್ಲಿ ಒದ್ದೆ ಮರಳಿನ ತಟ್ಟೆ ಇಟ್ಟು, ಅದರ ಮೇಲೆ ನಲವತ್ತು ನಿಮಿಷ ಕೂರಿಸುತ್ತಾರೆ. ದಿನಕ್ಕೆ ಎರಡೇ ಸೀಟು. ಮೂರನೆಯದಕ್ಕೆ ಅವರ ಮಂಡಿ ಒಪ್ಪುವುದಿಲ್ಲ.

ನಿನ್ನೆ ಮೇಷ್ಟ್ರ ಹೆಂಡತಿ ತಟ್ಟೆಯಿಂದ ಎದ್ದ ಮೇಲೆ ಸೀಟಕ್ಕ ಮರಳನ್ನೇ ನೋಡುತ್ತ ಕೂತರು. ಬಲಗಡೆಯ ಗುಂಡಿ ಆಳ, ಎಡಗಡೆಯದು ಬರೀ ಗುರುತು.

“ಆಪರೇಷನ್ ಎಡಗಡೆ ಆಯ್ತಾ ಅಕ್ಕ?”

ಯಾವ ಕಡೆ ಎಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರು ತಬ್ಬಿಬ್ಬಾದರು. “ಇಷ್ಟು ದಿನ ಅವಳು ವಾಲ್ಕೊಂಡು ಕೂರ್ತಿದ್ದಿದ್ದು ನನಗೇ ಗೊತ್ತಾಗಲಿಲ್ವಲ್ಲ!”

“ನೋವಿರೋ ಕಡೆ ಯಾರೂ ಭಾರ ಹಾಕಲ್ಲ ಮೇಷ್ಟ್ರೇ. ಎಲ್ಲಾ ಭಾರ ಬಲಗಡೆ ಸೊಂಟಕ್ಕೇ ಬಿದ್ದಿದೆ. ಆ ಕಡೆ ಗಟ್ಟಿ ಫೋಮ್ ಕೂರಿಸ್ತೀನಿ, ತಡೆದುಕೊಳ್ಳುತ್ತೆ.”

ಆರೂ ಮುಕ್ಕಾಲಿಗೆ ಕವರ್ ಬಿಗಿದಾಗಿದೆ. ಏಳಕ್ಕೆ ಬೈಕು ಹೊರಡುತ್ತದೆ. ಆಮೇಲೆ ಸೀಟಕ್ಕನ ಕೈಗೆ ಕೆಲಸವೇ ಹತ್ತುವುದಿಲ್ಲ. ಕತ್ತರಿ ಕೈಯಲ್ಲೇ ಇದ್ದರೂ ಕತ್ತರಿ ಹುಡುಕುತ್ತಾರೆ.

ಒಂಬತ್ತಕ್ಕೆ ಫೋನು. ಮೇಷ್ಟ್ರ ಧ್ವನಿ ನನಗೂ ಕೇಳಿಸುತ್ತದೆ. “ಎಲ್ಲೂ ನಿಲ್ಲಿಸಲಿಲ್ಲ ಸೀಟಕ್ಕ! ಕೊನೆಗೆ ನನ್ನ ಬೆನ್ನಿಗೆ ಒರಗಿ ತೂಕಡಿಸ್ತಿದ್ಲು!”

ಸೀಟಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮರುಕ್ಷಣವೇ ಗದರುತ್ತಾರೆ.

“ಅಯ್ಯಯ್ಯೋ, ಗಾಡಿ ಮೇಲೆ ತೂಕಡಿಸೋಕೆ ಬಿಡ್ತಾರಾ? ಕೊಡಿ ಅವರಿಗೆ ಫೋನು. ಅಕ್ಕ, ವಾಪಸ್ ಬರ್ತಾ ಕಣ್ಣು ಬಿಟ್ಕೊಂಡು ಬನ್ನಿ. ಬೆನ್ನಿಗೊಂದು ಒರಗು ಇವತ್ತೇ ಮಾಡಿಡ್ತೀನಿ. ನಿದ್ದೆ ಮಾತ್ರ ಮನೇಲಿ ಮಾಡಿ. ಅದಕ್ಕೇ ಅಲ್ವಾ ನಾನು ಈ ಸೀಟು ಹೊಲಿದಿದ್ದು?”