ಆಟ ಕಲಿಯಲು ಹೋದವಳು

ಕೇರಂ ಆಟದಲ್ಲಿ ನಾನು ನನ್ನ ಕೈಯಲ್ಲೇ ಎಷ್ಟೋ ಸಲ ಸೋತಿದ್ದೇನೆ. ಈ ಕಡೆ ಕೂತು ಬಿಳಿ ಕಾಯಿ ಹೊಡೆಯುವುದು, ಎದ್ದು ಸುತ್ತು ಹಾಕಿ ಆ ಕಡೆ ಹೋಗಿ ಕಪ್ಪು ಕಾಯಿ ಹೊಡೆಯುವುದು. ಆ ಕಡೆಯವಳು ಯಾವಾಗಲೂ ನನಗಿಂತ ಚೆನ್ನಾಗಿ ಆಡುತ್ತಿದ್ದಳು. ರಾಣಿಯನ್ನಂತೂ ಪ್ರತಿ ಸಲ ಅವಳೇ ಒಯ್ಯಬೇಕು. ಕೊನೆಗೆ ಅವಳ ಮೇಲೆ ಸಿಟ್ಟು ಬಂದು ಬೋರ್ಡನ್ನೇ ಗೋಡೆಗೆ ಒರಗಿಸಿಬಿಟ್ಟೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷವಾಗಿತ್ತು. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದೆ. ಅದರಲ್ಲಿ 'ಬಿಡುವು ಮತ್ತು ಮನರಂಜನೆ' ಎಂಬ ಐಚ್ಛಿಕ ವಿಷಯವಿತ್ತು. ಹೆಸರು ಕೇಳಿಯೇ ಆರಾಮದ್ದೆಂದು ಆರಿಸಿಕೊಂಡೆ. ಉಳಿದವರು ಬುದ್ಧಿವಂತರು, ಒಬ್ಬರೂ ಆ ಕಡೆ ಸುಳಿಯಲಿಲ್ಲ. ಹೀಗಾಗಿ ಇಡೀ ತರಗತಿಗೆ ನಾನೊಬ್ಬಳೇ. ಮೇಷ್ಟ್ರು ನನ್ನ ಹಾಜರಿ ಕರೆದು, ನಾನು 'ಎಸ್ ಸರ್' ಅಂದ ಮೇಲೂ, ಇನ್ಯಾರಾದರೂ ಇದ್ದಾರೇನೋ ಎಂದು ಹಿಂದಿನ ಬೆಂಚಿನವರೆಗೆ ಕಣ್ಣಾಡಿಸುತ್ತಿದ್ದರು. ಗುಂಪು ಆಟದ ಪ್ರಯೋಜನಗಳು ಎಂಬ ಪಾಠವನ್ನು ಅವರು ಹೇಳಿದರು, ನಾನು ಬರೆದುಕೊಂಡೆ, ಇಬ್ಬರಿಗೂ ನಗು ಬರಲಿಲ್ಲ. ಭಾನುವಾರ ಹತ್ತಿರದ ಊರಿನವರೆಲ್ಲ ಮನೆಗೆ ಹೋಗುತ್ತಿದ್ದರು. ನಾನು ಕಾರವಾರದ ಕಡೆಯವಳು, ಘಟ್ಟ ಇಳಿದು ಮತ್ತೆ ಹತ್ತಿ ಬರುವಷ್ಟರಲ್ಲಿ ಸೋಮವಾರದ ಕ್ಲಾಸು ಮುಗಿದಿರುತ್ತಿತ್ತು. ಆದ್ದರಿಂದ ಕೇರಂ.

ಒಬ್ಬನೇ ಇದ್ದ ದೇವರು ಬೇಸರ ಬಂದು ಆಟಕ್ಕೆಂದು ಈ ಲೋಕ ಮಾಡಿದ ಎಂದು ಹರಿಕಥೆಯವರು ಹೇಳುವುದುಂಟು. ಚಿಕ್ಕವಳಿದ್ದಾಗ ಇದೆಂಥ ಕಾರಣವಪ್ಪಾ ಅನ್ನಿಸಿತ್ತು. ಹಾಸ್ಟೆಲಿನಲ್ಲಿ ಮೂರು ಭಾನುವಾರ ಕಳೆದ ಮೇಲೆ, ಪಾಪ, ಅವನಾದರೂ ಮತ್ತೇನು ಮಾಡಿಯಾನು ಅನ್ನಿಸತೊಡಗಿತು.

ಊರಲ್ಲಿ ನನ್ನ ಓದಿನ ಸುದ್ದಿ ಬೇರೆಯೇ ಆಗಿತ್ತು. ನಮ್ಮ ಕಡೆ ಆಟ ಎಂದರೆ ಯಕ್ಷಗಾನ. ಚೆಂಡು, ಬ್ಯಾಟು ಎಲ್ಲವೂ ಆಟವೇ, ಆದರೆ 'ಆಟ ಅದೆ' ಎಂದು ಯಾರಾದರೂ ಹೇಳಿದರೆ ಕಿವಿಗೆ ಚಂಡೆಯ ಸದ್ದೇ ಬರಬೇಕು. ಅವ್ವ ಕಂಡಕಂಡವರಿಗೆಲ್ಲ 'ಮಗಳು ಆಟ ಕಲೀತದೆ' ಎಂದು ಹೇಳಿಟ್ಟಿದ್ದಳು. ಪಕ್ಕದ ಮನೆಯ ಬೀರಣ್ಣ, ಎಪ್ಪತ್ತು ದಾಟಿದವರು, ನಾನು ರಜೆಗೆ ಬಂದದ್ದೇ ತಡ ಕೇಳಿದರು:

"ಎಂತಾ ವೇಷ ಕಟ್ತೆ ತಂಗಿ? ರಾಜವೇಷವೋ, ಸ್ತ್ರೀವೇಷವೋ?"

"ವೇಷ ಎಲ್ಲ ಇಲ್ಲ ಅಜ್ಜಾ. ಹ್ಯಾಂಡ್‌ಬಾಲ್."

"ಅದು ಯಾವ ಪ್ರಸಂಗದಲ್ಲಿ ಬರ್ತದೆ?"

ಆ ರಜೆಗೆ ನಾನು ಸುಮ್ಮನೆ ಬಂದಿರಲಿಲ್ಲ. ನನ್ನ ವಿಷಯದ ಪ್ರಾಯೋಗಿಕ ಪರೀಕ್ಷೆ ಹೀಗಿತ್ತು: ಸ್ವಂತ ಊರಿನಲ್ಲಿ ಹನ್ನೆರಡು ಜನ ದೊಡ್ಡವರನ್ನು ಸೇರಿಸಿ, ಒಂದು ಸಂಜೆ ಗುಂಪು ಆಟ ಆಡಿಸಿ, ಫೋಟೋ ಸಮೇತ ವರದಿ ಕೊಡಬೇಕು. ಇಲ್ಲವಾದರೆ ನಪಾಸು. ನನ್ನ ತೊಡಕು ಇದ್ದದ್ದು 'ಸ್ವಂತ ಊರು' ಎಂಬಲ್ಲಿ. ಕಡಲ ಬದಿಯ ನಮ್ಮೂರನ್ನು ನೌಕಾನೆಲೆಗೆಂದು ಸರ್ಕಾರ ತೆಗೆದುಕೊಂಡು, ನಮ್ಮನ್ನೆಲ್ಲ ಎಬ್ಬಿಸಿ ವರ್ಷಗಳಾಗಿದ್ದವು. ಅರ್ಧ ಜನ ತೋಡೂರಿನ ಪುನರ್ವಸತಿ ಕಾಲೋನಿಯಲ್ಲಿ, ನಾವು ಕೆಲವರು ಅಮದಳ್ಳಿಯಲ್ಲಿ, ಇನ್ನು ಕೆಲವರು ಅಂಕೋಲೆಯ ಆಚೆ ಭಾವಿಕೇರಿಯ ನೆಂಟರ ಬದಿಗೆ. ಹಿಂದೆ ಸಂಜೆಯಾದರೆ ಯಾರೂ ಕರೆಯದೆ ಮರಳಿನ ಮೇಲೆ ಜನ ಸೇರುತ್ತಿದ್ದರು. ಈಗ ಮೂರು ದಿನ ಮನೆಮನೆ ತಿರುಗಿ 'ಆಯ್ತಾರ ಕಬಡ್ಡಿ ಆಡೂಕೆ ಬನ್ನಿ' ಎಂದು ಕರೆದೆ. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಗದ್ದೆ ಕೆಲಸ, ಉಳಿದವರಿಗೆಲ್ಲ ಪುರಸೊತ್ತಿಲ್ಲ. ಬಿಡುವಿನ ಬಗ್ಗೆ ಎರಡು ನೋಟ್‌ಬುಕ್ ತುಂಬ ಬರೆದವಳಿಗೆ ಪುರಸೊತ್ತು ಇರುವ ಒಬ್ಬ ಮನುಷ್ಯ ಸಿಗಲಿಲ್ಲ.

ಮೂರನೆಯ ದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಪಾಸಾಗುವ ಹೆದರಿಕೆಗಲ್ಲ. ಹನ್ನೆರಡು ಜನ ಸಿಗದ ಊರನ್ನು ನನ್ನದು ಅಂತ ಯಾವ ಬಾಯಲ್ಲಿ ಹೇಳಲಿ ಎಂದು. ಅಷ್ಟರಲ್ಲಿ ಸುಮಿತ್ರಕ್ಕ ಬಂದಳು. ಹಳೆಯ ಊರಿನಲ್ಲಿ ನಮ್ಮ ನೆರೆಯವಳು, ಈಗ ಕಾಲೋನಿ ಕಾಲೋನಿ ತಿರುಗಿ ಮೀನು ಮಾರುವವಳು. ಕಥೆ ಕೇಳಿ ಬುಟ್ಟಿ ಕೆಳಗಿಳಿಸಿದಳು.

"ಇಷ್ಟಕ್ಕೇ ಅಳೂದಾ? ಆಯ್ತಾರ ನಾಲ್ಕು ಗಂಟೆಗಲಾ? ನಾ ಹೇಳಿ ಬತ್ತೆ, ಬಿಡು."

ಭಾನುವಾರ ತೋಡೂರು ಕಾಲೋನಿಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ಕೊರಳಿಗೆ ಸೀಟಿ ತೂಗಿಕೊಂಡು ನಿಂತೆ. ನಾಲ್ಕು ಹೊಡೆಯಿತು. ಜನ ಬಂದರು. ಬಂದೇ ಬಂದರು! ಅಮದಳ್ಳಿಯಿಂದ ನಡೆದು ಬಂದರು, ಭಾವಿಕೇರಿಯಿಂದ ಒಂದು ಟೆಂಪೋ ತುಂಬ ಬಂದಿಳಿದರು. ಎಲ್ಲರ ಕಂಕುಳಲ್ಲೂ ಒಂದೊಂದು ಚಾಪೆ, ಸೆರಗಿನಲ್ಲಿ ಹುರಿದ ಶೇಂಗಾ. ನಾನು ಬೆವರು ಸುರಿಸಿ ಎಳೆದ ಗೆರೆಗಳ ಮೇಲೆಯೇ ಚಾಪೆ ಹಾಸಿ ಕೂತರು. ಬೀರಣ್ಣ ಎಲೆ ಅಡಿಕೆ ಬಿಚ್ಚಿ, "ಹಗಲೇ ಶುರು ಅಂದ್ರೆ ಬೆಳಗಿನವರೆಗೆ ಅಲ್ಲ, ಕಾಲಮಿತಿ ಆಟ ಇರಬೇಕು. ಹಾಡೂ ಭಾಗವತ್ರು ಇನ್ನೂ ಬರ್ಲಿಲ್ವಾ?" ಅಂದರು.

ಭಾಗವತರಿಲ್ಲ, ಇದು ಕಬಡ್ಡಿ, ಹನ್ನೆರಡು ಜನ ಎದ್ದು ನಿಂತರೆ ನಾನು ಪಾಸು ಎಂದು ಹೇಗೋ ಒದರಿದೆ. ಯಾರೋ ಕಿಸಕ್ಕನೆ ನಕ್ಕರು, ಬಯಲಿಗೆ ಬಯಲೇ ನಕ್ಕಿತು. "ಆಡ್ವ, ಆಡ್ವ, ತಡಿ" ಎಂದರೇ ಹೊರತು ಒಬ್ಬರೂ ಏಳಲಿಲ್ಲ. ಏಳುವುದಾದರೂ ಹೇಗೆ? ಮಾತು ಶುರುವಾಗಿಬಿಟ್ಟಿತ್ತು. ನಿನ್ನ ಮಗಳಿಗೆ ಮಕ್ಕಳೆಷ್ಟು, ನಿಮ್ಮ ಬದಿ ಬಾವಿ ನೀರು ಉಪ್ಪಾ, ಆ ಕುಂಟು ಎಮ್ಮೆ ಇನ್ನೂ ಇದ್ಯಾ. ಹಳೆಯ ಊರಿನಲ್ಲಿ ಬೇಲಿಯ ಸಲುವಾಗಿ ದಿನಾ ಜಗಳ ಕಾಯುತ್ತಿದ್ದ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಇಬ್ಬರ ನಡುವೆ ಈಗ ಬೇಲಿಯೇ ಇರಲಿಲ್ಲ, ಜಗಳವಾಡಲು.

ಅಷ್ಟು ಜನರ ನಡುವೆ ನಿಂತವಳು ನಾನೊಬ್ಬಳೇ. ಹಾಸ್ಟೆಲಿನ ಯಾವ ಭಾನುವಾರವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಸುಮಿತ್ರಕ್ಕ ಚಾಪೆಯ ಮೇಲೆ ಸ್ವಲ್ಪ ಸರಿದು, ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು. ಪಕ್ಕದವರು "ಘಟ್ಟದ ಮೇಲೆ ಮೀನು ಸಿಗ್ತದಾ? ಮತ್ತೆ ಎಂತ ಉಣ್ತೆ ಮಗಾ?" ಎಂದು ಕೇಳಿದರು. ಘಟ್ಟ ಹತ್ತಿದ ಎರಡು ವರ್ಷದಲ್ಲಿ ಅಲ್ಲಿ ಹೇಗಿದ್ದೀ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹಾಸ್ಟೆಲಿನ ಸಾರಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ.

ಪ್ರಾಯೋಗಿಕದಲ್ಲಿ ನಪಾಸಾದೆ. ಎಪ್ಪತ್ತು ಜನ ಕೂತ ಫೋಟೋ ಕೊಟ್ಟರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಆಟ ಎಲ್ಲಿ?' ಎಂದು ಬರೆದರು. ಮರುವರ್ಷ ಹಾಸ್ಟೆಲಿನ ಅಡುಗೆಯವರನ್ನೂ ಮಾಲಿಗಳನ್ನೂ ಕಾಡಿಬೇಡಿ ಓಡಿಸಿ ಪಾಸು ಮಾಡಿಕೊಂಡೆ. ಈಗ ನಾನೇ ಸೀಟಿ ಊದುವ ಟೀಚರು.

ಆದರೆ ಆ ಸಂಜೆ ಹೇಗೆ ಮುಗಿಯಿತೆಂದು ನಿಮಗೆ ಹೇಳಲೇಬೇಕು. ಹೊತ್ತು ಮುಳುಗುತ್ತಿದ್ದಂತೆ ಟೆಂಪೋದವನು ಹಾರ್ನ್ ಹೊಡೆದ. ಜನ ಚಾಪೆ ಸುತ್ತಿಕೊಂಡು ಮೂರು ದಿಕ್ಕಿಗೆ ಹೊರಟರು. ಬಯಲು ಖಾಲಿಯಾದ ಮೇಲೆ ನಾನು ಸುಮಿತ್ರಕ್ಕನನ್ನು ತರಾಟೆಗೆ ತೆಗೆದುಕೊಂಡೆ. "ಕಬಡ್ಡಿ ಅಂತ ಬಿಡಿಸಿ ಹೇಳೂಕೆ ಎಂತಾಗಿತ್ತು ನಿಂಗೆ? ಎಲ್ಲರೂ ತಪ್ಪು ತಿಳ್ಕಂಡ್ರು!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತಪ್ಪು ಎಂತಕ್ಕೆ ತಿಳೀತಾರೆ? 'ಆಟ ಅದೆ' ಅಂತ ನಾನೇ ಹೇಳಿದ್ದು. ಕಬಡ್ಡಿ ಅಂದ್ರೆ ಯಾರೂ ಬರೂದಿಲ್ಲ. ಒಬ್ಬರ ಮುಖ ಒಬ್ಬರು ನೋಡೂಕೆ ಬನ್ನಿ ಅಂದ್ರೂ ಬರೂದಿಲ್ಲ, ನಾಚ್ಕೆ. ಅದು ಬಿಡು. ನೀ ಓದಿದವಳು. ಮುಂದಿನ ಆಯ್ತಾರಕ್ಕೆ ಎಂತ ಸುಳ್ಳು ಹೇಳ್ಲಿ, ಅದನ್ನ ಹೇಳು."