ಭಾವನಿಗೆ ಕಟ್ಟಿಕೊಟ್ಟ ಕಂಪ್ಯೂಟರ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಹುಬ್ಬಳ್ಳಿ, ಪುಣೆ, ಮುಂಬೈ ದಾರಿಗಳಲ್ಲಿ ಯಾವ ತಿರುವು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ಅಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬೀಳದಂತೆ ನೋಡಿಕೊಂಡಿದ್ದ ಅವರು ಕೊನೆಗೆ ಪೆಟ್ಟು ತಿಂದದ್ದು ನಿಂತ ಲಾರಿಯಲ್ಲಿ. ಅರಿಶಿನಕುಂಟೆ ಹತ್ತಿರದ ಒಂದು ಗೋದಾಮಿನಲ್ಲಿ ಲೋಡಿನ ಮೇಲೆ ಹತ್ತಿ ಟಾರ್ಪಾಲು ಬಿಗಿಯುತ್ತಿದ್ದಾಗ ಹಗ್ಗ ಕಿತ್ತುಬಂದು ಹಿಂದಕ್ಕೆ ಬಿದ್ದರು. ಸೊಂಟಕ್ಕೆ ಆಪರೇಷನ್ ಆಯಿತು. ಬಲಗಾಲಿನ ಶಕ್ತಿ ಮಾತ್ರ ಪೂರ್ತಿ ವಾಪಸ್ಸು ಬರಲಿಲ್ಲ. ಕೋಲು ಹಿಡಿದು ನಡೆಯಬಹುದು, ಇನ್ನು ಲಾರಿ ಹತ್ತುವುದನ್ನು ಮರೆತುಬಿಡಿ ಎಂದರು ಡಾಕ್ಟರು.

ಆಗ ನಾನು ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಪಾರ್ಟುಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಅಕ್ಕನ ಮನೆ ದೊಡ್ಡಬೆಳವಂಗಲದ ಕಡೆ. ಭಾನುವಾರ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಭಾವ ನಡುಮನೆಯ ಮಂಚದ ಮೇಲೆ ಸೂರು ನೋಡುತ್ತಾ ಮಲಗಿರುತ್ತಿದ್ದರು. ಮಾತಾಡಿಸಿದರೆ ಮಾತ್ರ ಮಾತು. ಅದನ್ನು ನೋಡಲಾಗದೆ ಡಿಪ್ಲೊಮಾ ಓದುವಾಗ ಕೊಂಡಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವರಿಗೆ ಕೊಟ್ಟೆ. ಅದರಲ್ಲಿ ನಾಲ್ಕಾರು ಸಿನಿಮಾ ತುಂಬಿದ್ದೆ. ಜೊತೆಗೆ ಲಾರಿ ಓಡಿಸುವ ಒಂದು ಗೇಮ್ ಕೂಡ ಹಾಕಿದ್ದೆ. ಹಾಕುವಾಗ ಹೆದರಿಕೆಯಾಗಿತ್ತು, ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತದೋ ಏನೋ ಎಂದು.

ಭಾವ ಗೇಮ್ ತೆರೆದು ನೋಡಿದರು.

"ಇದೇನಪ್ಪಾ, ಸ್ಟೇರಿಂಗು ಎಡಗಡೆ ಐತೆ?"

"ಅದು ಯೂರೋಪು ಭಾವ. ಅಲ್ಲಿ ರಸ್ತೆ ಬಲಗಡೆ ಓಡಿಸ್ತಾರೆ."

"ಹೌದಾ?" ಎಂದವರು ದಿಂಬಿಗೆ ಒರಗಿದಂತೆಯೇ ಕುತ್ತಿಗೆ ಎತ್ತಿದರು. "ತಡಿ, ಹಂಗಾದ್ರೆ ಓವರ್‌ಟೇಕ್ ಮಾಡೋದು ಹೆಂಗೆ?"

ಒಂದೇ ವಾರದಲ್ಲಿ ಕಲಿತುಬಿಟ್ಟರು. ಮೊಣಕಾಲಿನ ಕೆಳಗೆ ಎರಡು ದಿಂಬು, ಹೊಟ್ಟೆಯ ಮೇಲೆ ಊಟದ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪ್. ಹಾಗೆ ಮಲಗಿಕೊಂಡೇ ಜರ್ಮನಿಯಿಂದ ಇಟಲಿಗೆ ಸರಕು ಸಾಗಿಸುತ್ತಿದ್ದರು. ಆ ಆಟದಲ್ಲಿ ಮೊದಲು ಬೇರೆಯವರ ಗಾಡಿ ಓಡಿಸಬೇಕು, ಆಮೇಲೆ ಸ್ವಂತದ್ದು ಕೊಳ್ಳಬೇಕು, ಡ್ರೈವರ್‌ಗಳನ್ನು ಇಟ್ಟುಕೊಂಡು ಕಂಪನಿ ಬೆಳೆಸಬೇಕು. ಒಂದೂವರೆ ವರ್ಷದಲ್ಲಿ ಭಾವನ ಬಳಿ ಹನ್ನೊಂದು ಲಾರಿಗಳಿದ್ದವು. ಜೀವನದಲ್ಲಿ ಒಂದನ್ನೂ ಕೊಂಡವರಲ್ಲ ಅವರು, ಯಾವಾಗಲೂ ಮಾಲೀಕರ ಗಾಡಿಯೇ. ತಾವು ಓಡಿಸಿದ್ದ ನಿಜವಾದ ಗಾಡಿಗಳ ನಂಬರನ್ನೇ ಇವಕ್ಕೂ ಕೊಟ್ಟಿದ್ದರು.

ಅಕ್ಕ ಮಂಚದ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು, "ಏನ್ರೀ, ಇವತ್ತು ಯಾವೂರಿಗೆ?"

"ಸುಮ್ಕಿರೇ ಒಂದ್ನಿಮಿಷ. ಹಡಗಿಗೆ ಹತ್ತಿಸ್ತಾ ಇದೀನಿ ಗಾಡಿನ."

ಅಕ್ಕಪಕ್ಕದ ಗಂಡಸರು ಮಂಚದ ಕಾಲ ಬಳಿ ಕೂತು, "ಇಂಡಿಕೇಟರ್ ಹಾಕಲಿಲ್ಲ ನೋಡು" ಎಂದು ರೇಗಿಸುತ್ತಿದ್ದರು. ಪಿಯುಸಿ ಓದುತ್ತಿದ್ದ ಅಕ್ಕನ ಮಗಳು ಕಾಲೇಜಿನಿಂದ ಬಂದವಳೇ ಊರುಗಳ ಹೆಸರು ಓದಿ ಹೇಳುತ್ತಿದ್ದಳು. ಆ ಮನೆಯ ಮಾತೆಲ್ಲ ಆ ಪುಟ್ಟ ಪರದೆಯ ಸುತ್ತ ನಡೆಯುತ್ತಿತ್ತು. ಆಗ ನಾನದನ್ನು ಗಮನಿಸಲಿಲ್ಲ.

ನಾನು ಗಮನಿಸಿದ್ದು ಲ್ಯಾಪ್‌ಟಾಪ್ ತಡವರಿಸುತ್ತಿದ್ದುದನ್ನು. ದೊಡ್ಡ ಊರಿನೊಳಗೆ ಲಾರಿ ನುಗ್ಗಿದರೆ ಚಿತ್ರ ನಿಂತುಬಿಡುತ್ತಿತ್ತು. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಒಂದು ಭಾನುವಾರ ನನ್ನ ಕಣ್ಣೆದುರೇ ತಿರುವಿನಲ್ಲಿ ಪರದೆ ನಿಂತು, ಮತ್ತೆ ಚಲಿಸುವ ಹೊತ್ತಿಗೆ ಲಾರಿ ಕಂಬಕ್ಕೆ ಗುದ್ದಿತ್ತು. ಭಾವ ನಾಚಿಕೊಂಡರು.

"ನಂದಲ್ಲ ಕಣಪ್ಪಾ ತಪ್ಪು. ಇದು ನಿಂತ್ಕೊಂಡ್ಬಿಡ್ತು. ಇದಕ್ಕೇ ಏನಾದ್ರೂ ಹಾಕಿ ಒಸಿ ಚುರುಕು ಮಾಡೋಕಾಯ್ತದಾ ನೋಡು."

ಅವರು ಕೇಳಿದ್ದು ಇಷ್ಟೇ. ಮಾಡಬಹುದಿತ್ತು. ಫ್ಯಾನಿನ ಧೂಳು ತೆಗೆದು, ಇನ್ನೊಂದು ರ‍್ಯಾಮ್ ಸಿಕ್ಕಿಸಿ, ಹಳೆಯ ಡಿಸ್ಕ್ ತೆಗೆದು ವೇಗದ ಡಿಸ್ಕ್ ಹಾಕಿದ್ದರೆ ಅವರ ಆಟಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ಒಂದು ಮಧ್ಯಾಹ್ನದ ಕೆಲಸ. ಅದು ನನಗೆ ಗೊತ್ತಿತ್ತು. ಆದರೂ ನಾನು ಹೇಳಿದ್ದೇ ಬೇರೆ.

"ಲ್ಯಾಪ್‌ಟಾಪಿಗೆ ದುಡ್ಡು ಸುರಿಯೋದು ದಂಡ ಭಾವ. ಏನೇ ಹಾಕಿದ್ರೂ ಒಳಗಿನ ಗ್ರಾಫಿಕ್ಸ್ ಬದಲಾಯಿಸೋಕೆ ಬರಲ್ಲ. ನಾನೊಂದು ಡೆಸ್ಕ್‌ಟಾಪ್ ಕಟ್ಕೊಡ್ತೀನಿ. ಸೆಕೆಂಡ್ ಹ್ಯಾಂಡ್ ಪಾರ್ಟಲ್ಲೇ ಮಾಡಿದ್ರೆ ಕಮ್ಮಿಗೆ ಆಗುತ್ತೆ. ಆಮೇಲೆ ನೋಡಿ, ಎಲೆ ಎಲೆ ಕಾಣುತ್ತೆ ಮರದಲ್ಲಿ."

"ಅಷ್ಟೆಲ್ಲಾ ಯಾಕಪ್ಪಾ?"

"ನೀವು ಸುಮ್ನಿರಿ ಭಾವ, ನಿಮಗ್ಗೊತ್ತಾಗಲ್ಲ."

ಈ ಮಾತನ್ನು ನೆನೆದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ನಿಜ ಹೇಳಬೇಕೆಂದರೆ ಡೆಸ್ಕ್‌ಟಾಪ್ ಕಟ್ಟುವ ಆಸೆ ನನ್ನದು. ವರ್ಷಗಳಿಂದ ಮೊಬೈಲಿನಲ್ಲಿ ಅದೇ ವಿಡಿಯೋಗಳನ್ನು ನೋಡುತ್ತಿದ್ದೆ. ಯಾವ ಪ್ರೊಸೆಸರಿಗೆ ಯಾವ ಬೋರ್ಡು, ಎಷ್ಟು ವ್ಯಾಟಿನ ಪವರ್ ಸಪ್ಲೈ ಎಂಬುದೆಲ್ಲ ಬಾಯಿಪಾಠವಾಗಿತ್ತು. ಆದರೆ ನನ್ನ ರೂಮಿನಲ್ಲಿ ಮೇಜು ಇಡುವ ಜಾಗವಿರಲಿಲ್ಲ. ಗೋಡೆಯಾಚೆ ಪವರ್‌ಲೂಮ್‌ಗಳು ದಿನವಿಡೀ ಓಡಿ ತಟ್ಟೆ ಲೋಟವೆಲ್ಲ ಅದುರುತ್ತಿದ್ದವು. ಭಾವನ ಮನೆಯಲ್ಲಿ ಜಾಗವಿತ್ತು, ಭಾವನ ನೆಪವೂ ಇತ್ತು.

ಎರಡು ತಿಂಗಳ ಭಾನುವಾರಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕಳೆದೆ. ಯಾವುದೋ ಆಫೀಸಿನವರು ಬಿಸಾಕಿದ ಕಂಪ್ಯೂಟರಿನ ಬೋರ್ಡು, ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡು, ಮೂಲೆಯಲ್ಲಿ ಸಣ್ಣ ಗೆರೆಯಿದ್ದ ದೊಡ್ಡ ಮಾನಿಟರು. ಪಕ್ಕಕ್ಕೆ ಗಾಜಿದ್ದು ಒಳಗೆ ಬಣ್ಣದ ದೀಪ ಉರಿಯುವ ಕಂಪ್ಯೂಟರ್ ಡಬ್ಬ ಬೇಕೆಂದು ಅಂಗಡಿ ಅಂಗಡಿ ಅಲೆದೆ. ಹಾಸಿಗೆ ಹಿಡಿದ ಲಾರಿ ಡ್ರೈವರಿಗೆ ಬಣ್ಣದ ದೀಪ ಯಾಕೆಂದು ನನಗೆ ಹೊಳೆಯಲೇ ಇಲ್ಲ. ಕೊನೆಗೆ ಸ್ಟೇರಿಂಗ್ ಮತ್ತು ಕಾಲಲ್ಲಿ ಒತ್ತುವ ಪೆಡಲ್‌ಗಳ ಒಂದು ಸೆಟ್ ಕೂಡ ಸಿಕ್ಕಿತು. ಅವತ್ತು ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನನಗಾದ ಖುಷಿ ಹೇಳತೀರದು.

ಆ ನಡುವೆ ಲ್ಯಾಪ್‌ಟಾಪನ್ನು ದೊಡ್ಡಬಳ್ಳಾಪುರದ ಒಂದು ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ. ಅದನ್ನು ತರಲು ನಾನು ಹೋದಾಗ ಭಾವ ಟವೆಲಿನಿಂದ ಅದರ ಮುಚ್ಚಳ ಒರೆಸಿ ನನ್ನ ಕೈಗಿಟ್ಟರು.

"ನನ್ನ ಗಾಡಿಗಳು?"

"ಹೊಸದರಲ್ಲಿ ಮೊದಲಿಂದ ಶುರು ಮಾಡೋಣ ಭಾವ. ಅದನ್ನ ನೋಡಿದ್ಮೇಲೆ ಇದನ್ನ ಮರ್ತೇಬಿಡ್ತೀರ."

ಒಂದು ಪೆನ್‌ಡ್ರೈವಿನಲ್ಲಿ ಐದು ನಿಮಿಷಕ್ಕೆ ಅವರ ಹನ್ನೊಂದು ಲಾರಿಗಳನ್ನೂ ತೆಗೆದಿಡಬಹುದಿತ್ತು. ಅಂಗಡಿ ಮುಚ್ಚುವ ಹೊತ್ತಾಯಿತೆಂದು ಬೈಕ್ ಹತ್ತಿದೆ.

ನಡುಮನೆಯಲ್ಲಿ ಮೇಜು ಹಿಡಿಸಲಿಲ್ಲ. ರಾಗಿ ಮೂಟೆ ಇಡುವ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲಿ ಜೋಡಿಸಿದೆ. ದೀಪ ಹತ್ತಿತು, ಪರದೆ ಬೆಳಗಿತು, ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ಭಾವನನ್ನು ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಬಲಗಾಲನ್ನು ನಾನೇ ಎತ್ತಿ ಪೆಡಲಿನ ಮೇಲಿಟ್ಟೆ. ಅವರು ಸ್ಟೇರಿಂಗ್ ಹಿಡಿದರು. ಗಾಡಿ ಹೊರಟಿತು. ಮಳೆಯಲ್ಲಿ ರಸ್ತೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಹೆಂಗಿದೆ ಭಾವ?"

"ಥೇಟ್ ಗಾಡಿನೇ ಕಣಪ್ಪಾ."

ಹಣೆಯ ಮೇಲೆ ಬೆವರೊಡೆದಿತ್ತು. ಸಂಭ್ರಮದ ಬೆವರು ಎಂದುಕೊಂಡು ಅದನ್ನೂ ಸೇರಿಸಿ ವಿಡಿಯೋ ತೆಗೆದೆ. ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ತೋರಿಸಿದೆ. "ಸೂಪರ್ ಗುರು, ಎಂಥಾ ಕೆಲಸ ಮಾಡಿದ್ದೀಯ" ಎಂದರು.

ಆಮೇಲೆ ಐದಾರು ತಿಂಗಳು ನಾನು ಹೋದ ಭಾನುವಾರವೆಲ್ಲ ಭಾವ ಆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೇಳಿದರೆ "ಫಸ್ಟ್ ಕ್ಲಾಸ್" ಎನ್ನುತ್ತಿದ್ದರು. ಒಂದೇ ವಿಚಿತ್ರವೆಂದರೆ, ಅಷ್ಟು ದಿನವಾದರೂ ಅವರ ಕಂಪನಿಯಲ್ಲಿ ಒಂದೇ ಲಾರಿ ಇತ್ತು. ನಿಧಾನಕ್ಕೆ ಆಡುತ್ತಿದ್ದಾರೆ ಎಂದುಕೊಂಡೆ.

ಒಂದು ಬುಧವಾರ ಕಾರ್ಖಾನೆಯಲ್ಲಿ ಕರೆಂಟಿನ ತೊಂದರೆಯಾಗಿ ರಜೆ ಕೊಟ್ಟರು. ಹೇಳದೆ ಕೇಳದೆ ಅಕ್ಕನ ಮನೆಗೆ ಹೋದೆ. ಭಾವ ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು, ನಿದ್ದೆ ಹತ್ತಿತ್ತು. ನಾನು ಪಕ್ಕದ ಕೋಣೆಗೆ ಇಣುಕಿದೆ. ಕಂಪ್ಯೂಟರಿನ ಮೇಲೆ ಹಳೆಯ ಸೀರೆ ಹೊದಿಸಿತ್ತು. ರಾಗಿ ಮೂಟೆಗಳು ವಾಪಸ್ಸು ಬಂದಿದ್ದವು. ಕುರ್ಚಿಯ ಮೇಲೂ ಒಂದು ಮೂಟೆ.

ಅಕ್ಕ ಅಡುಗೆಮನೆಯಿಂದ ಬಂದವಳು ನನ್ನನ್ನು ನೋಡಿ ಗಾಬರಿಯಾದಳು.

"ಇದೇನೋ ಇವತ್ತು ಬಂದ್ಬಿಟ್ಟೆ?"

"ಅಕ್ಕಾ, ಭಾವ ಆಡ್ತಾ ಇಲ್ವಾ?"

ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು.

"ಕೂರೋಕಾಗಲ್ಲ ಕಣೋ ಅವರಿಗೆ. ಹತ್ತು ನಿಮಿಷ ಕೂತ್ರೆ ಸೊಂಟದಿಂದ ಪಾದದ ತಂಕ ಸೆಳೆಯುತ್ತಂತೆ. ಜಾಸ್ತಿ ಹೊತ್ತು ಕೂರಿಸಬೇಡಿ ಅಂತ ಡಾಕ್ಟ್ರು ಹೇಳಿದ್ದು ನಿನ್ನ ಮುಂದೇನೇ ಅಲ್ವಾ?"

ನನ್ನ ಮುಂದೆಯೇ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇ ನಾನು.

"ಮತ್ತೆ ಭಾನುವಾರ ನಾನು ಬಂದಾಗ?"

"ನೀನು ಬರ್ತೀಯ ಅಂತ ಬೆಳಿಗ್ಗೇನೇ ಮೂಟೆ ಎತ್ತಿಡ್ಸಿ, ನೋವಿನ ಮಾತ್ರೆ ನುಂಗಿ ಕೂತ್ಕೋತಾರೆ. ನೀನು ಹೋದ್ಮೇಲೆ ಎರಡು ದಿನ ಏಳಲ್ಲ. ಹೇಳ್ಬೇಡ ಅಂದ್ರು, ಅದಕ್ಕೇ ಸುಮ್ಕಿದ್ದೆ. ಮನೇಲಿ ಮಾತೇ ನಿಂತೋಯ್ತು ನೋಡು. ಮೊದಲು ಅದೇನೋ ಊರು, ಅದೇನೋ ಹಡಗು ಅಂತಿದ್ರು."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಭಾವ ಏಳುವ ಮೊದಲೇ ಅಲ್ಲಿಂದ ಹೊರಟುಬಿಟ್ಟೆ.

ನೆಟ್ಟಗೆ ಎಕ್ಸ್‌ಚೇಂಜ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದ ಸಾಬರು, ಒಳ್ಳೆಯ ಮನುಷ್ಯ. ಯಾವ ಲ್ಯಾಪ್‌ಟಾಪ್ ಎಂದು ನೆನಪು ಮಾಡಿಕೊಂಡು ತಲೆಯಾಡಿಸಿದರು.

"ಅದಾ? ಅವತ್ತೇ ಬಿಚ್ಬಿಟ್ಟೆ ಭಾಯ್. ಪರದೆ ಒಬ್ಬರಿಗೆ, ಕೀಬೋರ್ಡ್ ಇನ್ನೊಬ್ಬರಿಗೆ. ಡಿಸ್ಕ್ ಅಳಿಸಿ ಮಾರಿದೀನಿ. ಬೇಕಾಗಿತ್ತು ಅಂದಿದ್ರೆ ಇಡ್ತಿದ್ದೆ."

ಅವರಿಂದಲೇ ಬೇರೆ ಒಂದು ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು, ಅಂದು ಮಾಡಬೇಕಿದ್ದುದನ್ನೆಲ್ಲ ಇದಕ್ಕೆ ಮಾಡಿದೆ. ರ‍್ಯಾಮ್ ಹಾಕಿದೆ, ವೇಗದ ಡಿಸ್ಕ್ ಹಾಕಿದೆ. ಒಂದು ಮಧ್ಯಾಹ್ನ ಪೂರ್ತಿ ಕೂಡ ಹಿಡಿಯಲಿಲ್ಲ. ಗೇಮ್ ಎಲ್ಲೂ ನಿಲ್ಲದೆ ಓಡಿತು. ಭಾನುವಾರ ತಂದು ಮಣೆಯ ಮೇಲಿಟ್ಟೆ. ಭಾವ ಅಕ್ಕನ ಮುಖ ನೋಡಿದರು, ಅಕ್ಕ ತಲೆ ತಗ್ಗಿಸಿದಳು. ಅವರಿಗೆ ಎಲ್ಲ ಅರ್ಥವಾಯಿತು.

"ಯಾಕಪ್ಪಾ ಇದೆಲ್ಲಾ" ಎಂದರು. ಒಂದು ವಾರ ಆಡಿದರಂತೆ. ಬೇರೆಯವರ ಗಾಡಿಯಲ್ಲಿ ನಾಲ್ಕು ಲೋಡು ಹೊಡೆದರಂತೆ. ಮುಂದಿನ ಭಾನುವಾರ ನಾನು ಹೋದಾಗ ಲ್ಯಾಪ್‌ಟಾಪ್ ಮಗಳ ಪುಸ್ತಕಗಳ ಜೊತೆ ಇತ್ತು.

"ಅವಳ ಓದಿಗೆ ಆಯ್ತದೆ ಇರ್ಲಿ. ನಂಗೆ ಮತ್ತೆ ಕ್ಲೀನರ್‌ನಿಂದ ಶುರು ಮಾಡೋಕೆ ಮನಸು ಬರ್ತಿಲ್ಲ ಕಣಪ್ಪಾ" ಎಂದರು ಭಾವ.

ಈಗ ಅವರು ಬೆಳಿಗ್ಗೆ ಒಂದು ಗಂಟೆ ಊರಿನ ಹಾಲಿನ ಡೇರಿಯ ಬಳಿ ನಿಂತು ಬರುತ್ತಾರೆ. ಉಳಿದ ಹೊತ್ತು ಟೀವಿ, ಟೀವಿ ಬೇಸರವಾದರೆ ನಿದ್ದೆ. ಡೆಸ್ಕ್‌ಟಾಪನ್ನು ಕಾರ್ಖಾನೆಯ ಸಹೋದ್ಯೋಗಿಯೊಬ್ಬ ತೆಗೆದುಕೊಂಡು ಹೋದ. ಅದರಲ್ಲಿ ಎಂಥ ಆಟವೂ ಓಡುತ್ತದೆ ಎಂದು ಈಗಲೂ ಹೊಗಳುತ್ತಾನೆ. ನನಗೆ ಆ ಹೊಗಳಿಕೆ ಕೇಳಲಾಗುವುದಿಲ್ಲ.

ಕ್ಷಮೆ ಕೇಳಲು ಬಹಳ ದಿನ ಬಾಯಿ ಬರಲಿಲ್ಲ. ಕಳೆದ ಬೇಸಿಗೆಯಲ್ಲಿ ಅವರನ್ನು ವ್ಯಾಯಾಮದ ಚಿಕಿತ್ಸೆಗೆಂದು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಮುಗಿದ ಮೇಲೆ ಹೊರಗೆ ಟೀ ಅಂಗಡಿಯಲ್ಲಿ ಇಬ್ಬರೂ ನಿಂತೇ ಟೀ ಕುಡಿಯುತ್ತಿದ್ದೆವು.

"ಭಾವ, ಅವತ್ತು ಕೂರೋಕಾಗಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಭಾವ ಲೋಟದ ಟೀ ಊದಿದರು.

"ನೀನು ಎರಡು ತಿಂಗಳು ಬೆಂಗಳೂರು ಸುತ್ತಿದ್ದೆ. ಆ ಪಾರ್ಟು ಸಿಕ್ತು, ಈ ಪಾರ್ಟು ಸಿಕ್ತು ಅಂತ ದಿನಾ ಫೋನು. ಅಷ್ಟು ಖುಷಿಯಾಗಿ ನಿನ್ನ ನೋಡೇ ಇರಲಿಲ್ಲ ನಾನು. ಹೆಂಗೋ ಹೇಳ್ಲಿ?"

"ತಪ್ಪಾಯ್ತು ಭಾವ."

"ಬಿಡೋ. ಟೀ ಆರೋಗ್ತದೆ, ಕುಡಿ."

ಕುಡಿದೆವು. ಅವರು ಕೋಲೂರಿ ಆಟೋ ಸ್ಟ್ಯಾಂಡಿನ ಕಡೆ ನಿಧಾನಕ್ಕೆ ನಡೆದರು. ತೋಳು ಹಿಡಿದುಕೊಳ್ಳಲು ಕೈ ಮುಂದೆ ಮಾಡಿದೆ. ಆಮೇಲೆ ಕೈ ಹಿಂದೆಗೆದುಕೊಂಡು, "ಭಾವ, ಹಿಡ್ಕೊಳ್ಳಲಾ?" ಎಂದು ಕೇಳಿದೆ.

"ಬೇಡಪ್ಪಾ, ನಡೀತೀನಿ" ಎಂದರು. ನಾನು ಹಿಂದೆ ಹಿಂದೆ ಹೋದೆ.